ಬೀದಿಯುದ್ದಕ್ಕೂ ಒಂದು ಮನೆ

ನಮ್ಮ ಮನೆಗೆ ಮೊದಲ ಸಲ ಬಂದವರು ಹಾಲಿನಲ್ಲಿ ಕೂತು, ನೀರು ಕುಡಿದು, ಸುತ್ತ ಕಣ್ಣಾಡಿಸುವಾಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಆ ಕುರ್ಚಿ ಯಾಕ್ರೀ ಆ ಕಡೆ ತಿರುಗಿದೆ?"

ಟೀವಿಗೆ ಬೆನ್ನು, ಸೋಫಾಕ್ಕೆ ಪಕ್ಕೆ, ಮುಖ ಮಾತ್ರ ಪಡುವಣ ಕಿಟಕಿಗೆ. ಉದ್ದ ಕೈಗಳ, ಬೆತ್ತ ಹೆಣೆದ ತೇಗದ ಆರಾಮಕುರ್ಚಿ ಅದು. ಗುಡಿಸುವಾಗ ಸರಿಸುತ್ತೇನೆ, ಒರೆಸಿ ನೆಲ ಆರಿದ ಮೇಲೆ ಮತ್ತೆ ಅದೇ ಜಾಗಕ್ಕೆ, ಅದೇ ಓರೆಗೆ ತಂದಿಡುತ್ತೇನೆ. ನನ್ನ ಗಂಡ ಬಂದವರಿಗೆ ಹೇಳುವ ಉತ್ತರವೂ ಯಾವಾಗಲೂ ಒಂದೇ. "ಅದು ನಮ್ಮ ಕುರ್ಚಿ ಅಲ್ಲ ಸಾರ್. ಅದು ಬೇರೆ ಮನೆಯ ವರಾಂಡಾ. ಸದ್ಯಕ್ಕೆ ನಮ್ಮನೇಲಿದೆ." ಬಂದವರು ನಗುತ್ತಾರೆ, ಮರ್ಯಾದೆಗೆ ನಾವೂ ನಗುತ್ತೇವೆ. ನನ್ನ ಗಂಡ ಹೇಳಿದ್ದು ಮಾತ್ರ ಅಕ್ಷರಶಃ ನಿಜ.

ಆ ವರಾಂಡಾದವರು ಹೋದ ತಿಂಗಳು ತೀರಿಕೊಂಡರು. ಕೆಂಗೇರಿಯಲ್ಲಿ, ಬೆಳಗಿನ ಕಾಫಿ ಕುಡಿದು, ಲೋಟ ತೊಳೆದು ಬೋರಲಿಟ್ಟು, ಸ್ವಲ್ಪ ಒರಗುತ್ತೇನೆಂದು ಮಲಗಿದವರು ಏಳಲಿಲ್ಲವೆಂದು ಅವರ ತಂಗಿಯ ಮಗಳು ಫೋನಿನಲ್ಲಿ ಹೇಳಿದಳು. ನಾನು ಆಗ ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಫೋನ್ ಇಟ್ಟು, ಉಳಿದ ಕಟ್ಟನ್ನು ಪೂರ್ತಿ ಬಿಡಿಸಿ, ಕೈ ತೊಳೆದು, ಆಮೇಲೆ ಹೋಗಿ ಆ ಕುರ್ಚಿಯಲ್ಲಿ ಕೂತೆ. ಕಿಟಕಿಯಲ್ಲಿ ಬಿಸಿಲು ಇರಲಿಲ್ಲ. ಅದು ಸಂಜೆಯ ಕುರ್ಚಿ.

ರಾಜಾಜಿನಗರದ ನಮ್ಮ ಅಡ್ಡರಸ್ತೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಮೂಲೆಮನೆ ಮೇಡಂ, ಅಷ್ಟೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ ಅಲ್ಲಿಂದಲೇ ನಿವೃತ್ತರಾದವರು. ತಾಯಿಯ ಜೊತೆ ಆ ಮೂಲೆಮನೆಗೆ ಬಾಡಿಗೆಗೆ ಬಂದರಂತೆ. ತಾಯಿ ಹೋದ ಮೇಲೆ ಒಬ್ಬರೇ ಉಳಿದರು. ಮದುವೆ ಯಾಕಾಗಲಿಲ್ಲ ಎಂದು ಕೆದಕಿದವರಿಗೆ "ಬೇರೆಯವರ ಲೈನ್ ಜೋಡಿಸ್ತಾ ಕೂತೆ ಕಣ್ರೀ, ನಂದು ಬಿಜಿ ಬರ್ತಿತ್ತು" ಎಂದು ಸುಮ್ಮನಾಗಿಸುತ್ತಿದ್ದರು. ಕಾಫಿ ತರಲು ಒಳಗೆ ಹೋಗುವಾಗಲೂ ಕೂತವರಿಗೆ ಅವರು ಹೇಳುತ್ತಿದ್ದುದು, "ಲೈನಲ್ಲಿರಿ, ಬಂದೆ."

ನಾನು ದಾವಣಗೆರೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಮನೆಗೆ ಫೋನ್ ಇರಲಿಲ್ಲ. ನನ್ನ ತಾಯಿ ಮೂಲೆಮನೆಗೆ ಫೋನ್ ಮಾಡುತ್ತಿದ್ದರು, ಮೇಡಂ ಗೇಟಿನ ಹತ್ತಿರ ಬಂದು ಕೈ ತಟ್ಟಿ ಕರೆಯುತ್ತಿದ್ದರು. ಮೊದಲ ಸಲ ಹಾಗೆ ಓಡಿಹೋಗಿ, ಮಾತಾಡಿ, ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು ತಿರುಗಿದರೆ ಅವರು ಕೇಳಿದರು. "ನಿಮ್ಮಮ್ಮನ ಮನೇಲಿ ತೂಗುಮಂಚ ಇದೆ ಅಲ್ವಾ?"

ನಾನು ಬೆಪ್ಪಾದೆ. "ನಿಮಗೆ ಹೇಗೆ ಗೊತ್ತು?"

"ನಾನು ಫೋನ್ ಎತ್ತಿದಾಗ ಹಿಂದೆ ಕಿರ್ರ್ ಅಂತಿತ್ತು. ಒಂದು ಕಡೆ ಸರಪಳಿಗೆ ಎಣ್ಣೆ ಸಾಲದು. ಎಡಗಡೆಯದು ಇರಬೇಕು, ಹೇಳಿ ಅವರಿಗೆ."

ಮುಂದಿನ ಸಲ ಊರಿಗೆ ಹೋದಾಗ ನೋಡಿದೆ. ಎಡಗಡೆಯ ಸರಪಳಿಯೇ.

ಹಳೆ ಮನೆ, ಹಳೆ ಸಾಮಾನುಗಳ ಮೇಲಿನ ಅವರ ಹುಚ್ಚಿನ ಬೇರು ಅಲ್ಲಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಹುಟ್ಟಿ ಬೆಳೆದದ್ದು ವಠಾರದ ಒಂದೇ ಕೋಣೆಯಲ್ಲಿ. ಸೇರಿದ್ದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದಿನವಿಡೀ ಊರೂರಿನ ಮನೆಗಳನ್ನು ಜೋಡಿಸುವ ಕೆಲಸಕ್ಕೆ. "ಜನರ ಮಾತು ಕೇಳಬಾರದು ಅಂತ ರೂಲು. ನಾನು ಕೇಳ್ತಿರ್ಲಿಲ್ಲ ಕಣೇ. ಆದ್ರೆ ಮಾತು ಶುರುವಾಗೋ ಮುಂಚೆ ಒಂದು ಕ್ಷಣ ಇರುತ್ತೆ ನೋಡು, ಆಗ ಮನೆ ಕೇಳಿಸೋದು. ಗಡಿಯಾರ ಹೊಡೆಯೋದು. ಮರದ ಕುರ್ಚಿ ಎಳೆಯೋದು. ಸ್ವಿಚ್ಚು ಟಕ್ ಅನ್ನೋದು. ಗಾಜಿನ ಬೀರು ಬಾಗಿಲು ಝಲ್ ಅನ್ನೋದು. ಆ ಮನೆಗಳನ್ನೆಲ್ಲ ನಾನು ಕಣ್ಣಲ್ಲಿ ನೋಡೇ ಇಲ್ಲ. ಕಿವೀಲಿ ಓಡಾಡಿಬಿಟ್ಟಿದೀನಿ."

ಹಾಗೆ ಕಿವಿಯಲ್ಲಿ ಕಂಡ ಮನೆಯನ್ನು ಅವರು ಕೈಯಲ್ಲಿ ಕಟ್ಟಲು ಹೊರಟಿದ್ದರು. ಮೂಲೆಮನೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಐವತ್ತರ ದಶಕದಲ್ಲಿ ಯಾರೋ ಪುಣ್ಯಾತ್ಮರು ಆಸೆಪಟ್ಟು ಕಟ್ಟಿಸಿದ್ದು. ಕಿಟಕಿಗಳ ಮೇಲೆ ಹುಬ್ಬಿನ ಹಾಗೆ ಬಾಗಿದ ಸಜ್ಜಾ, ಹುಟ್ಟುವ ಸೂರ್ಯನ ಚಿತ್ರದ ಕಬ್ಬಿಣದ ಗ್ರಿಲ್ಲು, ಕಪ್ಪಂಚಿನ ಕೆಂಪು ನೆಲ, ಹಾಲುಗಾಜಿನ ದೀಪದ ಬುರುಡೆ. ಪಡುವಣಕ್ಕೆ ಮುಖ ಮಾಡಿದ ದುಂಡು ವರಾಂಡಾಕ್ಕೆ ಒಂದು ಸಿಮೆಂಟಿನ ಜಾಲಿ. ಹೂವಿನಾಕಾರದ ತೂತುಗಳಿದ್ದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಡೆ ಅದು. ಸಂಜೆಯ ಬಿಸಿಲು ಅದರೊಳಗಿಂದ ತೂರಿ ಕೆಂಪು ನೆಲದ ಮೇಲೆ ಬೆಳಕಿನ ಹೂ ಚೆಲ್ಲುತ್ತಿತ್ತು. ಆ ಹೂಗಳು ನೆಲದ ಮೇಲೆ ನಿಧಾನವಾಗಿ ತೆವಳಿ, ಕುರ್ಚಿಯ ಕಾಲು ಹತ್ತಿ, ಕೈ ಹತ್ತಿ, ಕೊನೆಗೆ ಗೋಡೆಯ ಮೇಲೆ ಹೋಗಿ ಆರುತ್ತಿದ್ದವು. ಮೇಡಂ ಗಡಿಯಾರ ನೋಡುತ್ತಿರಲಿಲ್ಲ. "ಹೂವು ಕಾಲಿಗೆ ಬಂತು" ಅಂದರೆ ಕಾಫಿಯ ಹೊತ್ತು. "ಗೋಡೆ ಹತ್ತಿತು" ಅಂದರೆ ನಾನು ಮನೆಗೆ ಹೋಗಿ ಅನ್ನಕ್ಕಿಡುವ ಹೊತ್ತು.

ಭಾನುವಾರ ಬೆಳಿಗ್ಗೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಎರಡು ಬಟ್ಟೆಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ಮಾಗಡಿ ರಸ್ತೆಯುದ್ದಕ್ಕೂ, ಸುಂಕದಕಟ್ಟೆ, ಹೆಗ್ಗನಹಳ್ಳಿ ಕಡೆ ಇದ್ದ ಗುಜರಿ ಅಂಗಡಿಗಳೆಲ್ಲ ಅವರಿಗೆ ತವರುಮನೆ. ಹೊಸ ಮನೆ ಕಟ್ಟುವವರು, ಹಳೆ ಮನೆ ಕೆಡವುವವರು ಎಸೆದದ್ದೆಲ್ಲ ಅಲ್ಲಿಗೇ ಬಂದು ಬೀಳುತ್ತಿತ್ತು. ಒಂದೆರಡು ಸಲ ನಾನೂ ಹೋಗಿದ್ದೆ. ಹೆಗ್ಗನಹಳ್ಳಿಯ ಗುಜರಿಯವನು ದೂರದಿಂದಲೇ ಕೈ ಮೇಲೆತ್ತಿ ಅಲ್ಲಾಡಿಸಿದ.

"ಇವತ್ತು ಎಲ್ಲಾ ಪಿಲಾಸ್ಟಿಕ್ ಮೇಡಮ್ಮ. ನಿಮ್ಮ ಕಾಲದ್ದು ಒಂದೂ ಇಲ್ಲ."

"ನನ್ನ ಕಾಲ ಇನ್ನೂ ಮುಗಿದಿಲ್ಲ ಅಣ್ಣ. ಹಿಂದುಗಡೆ ನೋಡು."

ಹಿಂದುಗಡೆ ಸೈಕಲ್ ಚಕ್ರಗಳ ಅಡಿಯಲ್ಲಿ ಒಂದು ಕನ್ನಡಿ ಮೇಜು ಸಿಕ್ಕಿತು. ಓರೆಯಾಗಿ ಹೊರಕ್ಕೆ ಚಾಚಿದ ಸಪೂರ ಕಾಲುಗಳು, ದುಂಡು ಕನ್ನಡಿ, ಎರಡು ಪುಟ್ಟ ಡ್ರಾಯರು. ಮೇಡಂ ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೆರಳ ಗೆಣ್ಣಿನಿಂದ ಮರವನ್ನು ತಟ್ಟಿ, ಕಿವಿ ಇಟ್ಟು ಕೇಳಿದರು. ಆಮೇಲೆ ಅವರ ಖಾಯಂ ಪ್ರಶ್ನೆ ಬಂತು. "ಇವಳು ಆ ಮನೇಲಿ ಎಲ್ಲಿ ನಿಂತಿದ್ದಳು? ಯಾವ ಕಡೆ ಮುಖ?"

ಗುಜರಿಯವನು ಇದಕ್ಕೆ ಪಳಗಿದ್ದ. ತಡಮಾಡದೆ "ಕಿಟಕಿ ಬಾಜೂಗೆ ಮೇಡಮ್ಮ" ಅಂದ.

"ಸುಳ್ಳು. ಕಿಟಕಿ ಪಕ್ಕ ಇದ್ದಿದ್ರೆ ಒಂದು ಕೆನ್ನೆ ಮಾಸಿರೋದು. ಇವಳು ಕತ್ತಲೆ ಮೂಲೇಲಿ ಇದ್ದವಳು. ಪಾಪ."

"ಅಯ್ಯೋ ಮೇಡಮ್ಮ, ಮೇಜಿಗೆಲ್ಲ ಪಾಪ ಅಂದ್ರೆ ನಾವು ಮನುಷ್ಯರು ಎಲ್ಲಿಗೆ ಹೋಗೋಣ?"

"ನಿನ್ನ ಮುಖಕ್ಕೂ ಬೆಳಕು ಬೀಳೋ ಹಾಗೆ ಕೂತ್ಕೋ ಅಂತ ಎಷ್ಟು ಸಲ ಹೇಳಿದೀನಿ? ಕೇಳ್ತೀಯಾ?"

ಕನ್ನಡಿ ಮೇಜು ಆಟೋದ ಹಿಂದೆ ಕಟ್ಟಿಸಿಕೊಂಡು ಬಂತು. ಮೇಡಂ ಅದನ್ನು ಮೂಡಣ ಕಿಟಕಿಯ ಎದುರಿಗೆ ಇಟ್ಟರು. ಇಷ್ಟು ವರ್ಷ ಕತ್ತಲಲ್ಲಿ ಇದ್ದವಳಿಗೆ ಇನ್ನು ಮೇಲೆ ಬೆಳಗಾಗಲಿ ಅಂದರು.

ತಂದದ್ದೆಲ್ಲ ಬಳಕೆಗೆ. ಷೋಕಿಗೆ ಇಟ್ಟದ್ದು ಒಂದೂ ಇರಲಿಲ್ಲ. ನೀಲಿ ಅಂಚಿನ ಎನಾಮಲ್ ತಟ್ಟೆಯಲ್ಲಿ ಉಪ್ಪಿಟ್ಟು, ದಪ್ಪ ಪಿಂಗಾಣಿ ಬಟ್ಟಲಲ್ಲಿ ಚಟ್ನಿಪುಡಿ, ಮುಚ್ಚಳ ಸಡಿಲವಾದ ಹಳೆ ಫ್ಲಾಸ್ಕಿಗೆ ಬಟ್ಟೆಯ ಕುಲಾವಿ. ಬೆಕ್ಕು ಹಾಲಿಗೆ ಬಾಯಿ ಹಾಕದಂತೆ ಬಾಗಿಲಿಗೆ ತಂತಿಬಲೆ ಹೊಡೆದ ಜಾಲರಿ ಕಪಾಟು ಅಡುಗೆಮನೆಯಲ್ಲಿತ್ತು. ಫ್ರಿಜ್ಜು ಪಕ್ಕದಲ್ಲೇ ಇದ್ದರೂ ಬೆಣ್ಣೆ ಇರುತ್ತಿದ್ದುದು ಆ ಕಪಾಟಿನಲ್ಲಿ. ಅವರ ಲೆಕ್ಕದಲ್ಲಿ ಕಪಾಟು, ಕನ್ನಡಿ ಹೆಂಗಸರು. ಕುರ್ಚಿ, ಊಟದ ಮೇಜು ಗಂಡಸರು. "ಅವನ ಮೇಲೆ ಬಿಸಿ ಪಾತ್ರೆ ಇಡಬೇಡ, ಕೋಪ ಬರುತ್ತೆ" ಎಂದರೆ ಮೇಜಿನ ವಿಷಯ ಅಂತ ನಾವು ತಿಳಿದುಕೊಳ್ಳಬೇಕಿತ್ತು.

ಸಂಜೆ ಬೆಳಕು ಗೋಡೆ ಹತ್ತಿದ ಮೇಲೆ ಕೆಲವು ಸಲ ನನ್ನನ್ನೂ ಕರೆದುಕೊಂಡು ವಾಕಿಂಗ್ ಹೊರಡುತ್ತಿದ್ದರು. ಜನ ಪಾರ್ಕಿಗೆ ಹೋದರೆ ಇವರು ಮನೆಗಳನ್ನು ಮಾತಾಡಿಸಲು ಹೋಗುತ್ತಿದ್ದರು. ಬಸವೇಶ್ವರನಗರದ ದಿಕ್ಕಿಗೆ ನಡೆದರೆ ದಾರಿಯಲ್ಲಿ ಒಂದು ಹಡಗಿನ ಮನೆ ಸಿಗುತ್ತಿತ್ತು. ಮುಂದೆ ದುಂಡಗೆ ಬಾಗಿದ ಬಾಲ್ಕನಿ, ಅದಕ್ಕೆ ಕಬ್ಬಿಣದ ಕೊಳವೆಯ ಕಟಕಟೆ, ಮೆಟ್ಟಿಲ ಪಕ್ಕ ಹಡಗಿನಲ್ಲಿರುವಂಥ ದುಂಡು ಕಿಟಕಿಗಳು. ಮಬ್ಬುಗತ್ತಲಲ್ಲಿ ಆ ದುಂಡು ಕಿಟಕಿಗಳೊಳಗೆ ಹಳದಿ ದೀಪ ಹತ್ತಿಕೊಂಡಾಗ, ರಸ್ತೆಯ ಮೇಲಿನ ಹೊಂಗೆಯ ನೆರಳೆಲ್ಲ ನೀರಿನಂತೆ ಅಲ್ಲಾಡಿ, ಅದು ನಿಜವಾಗಿಯೂ ಹೊರಡಲು ಸಜ್ಜಾದ ಹಾಗೆ ಕಾಣುತ್ತಿತ್ತು. ನಾವಿಬ್ಬರೂ ಎದುರು ಫುಟ್‌ಪಾತಿನಲ್ಲಿ, ಯಾರನ್ನೋ ಬೀಳ್ಕೊಡಲು ಬಂದವರಂತೆ ನಿಂತಿರುತ್ತಿದ್ದೆವು. ಒಂದು ಸಂಜೆ ಹೋದರೆ ತಗಡಿನ ಬೇಲಿ, ಒಳಗೆ ಬರೀ ಆಕಾಶ. ಮೇಡಂ ಬೇಲಿಯ ಸಂದಿಯಿಂದ ಇಣುಕಿ ನೋಡಿ, "ಹೊರಟೋಯ್ತು ಕಣೇ. ನಮಗೆ ಹೇಳ್ದೇನೇ" ಅಂದರು.

ಆಮೇಲೆ ಅವರ ಸರದಿ ಬಂತು. ಮೂಲೆಮನೆಯ ಮಾಲೀಕರು ತೀರಿಕೊಂಡ ಮೇಲೆ ಅವರ ಹೆಣ್ಣುಮಕ್ಕಳು ಜಾಗವನ್ನು ಬಿಲ್ಡರಿಗೆ ಕೊಟ್ಟರು. ಕೆಟ್ಟವರಲ್ಲ, ಖುದ್ದಾಗಿ ಬಂದು, ಹಣ್ಣು ಕೊಟ್ಟು, ನಿಧಾನವಾಗಿ ಖಾಲಿ ಮಾಡಿ ಆಂಟಿ ಎಂದು ಹೇಳಿ ಹೋದರು. ಮೇಡಂಗೆ ಸಿಕ್ಕಿದ್ದು ಕೆಂಗೇರಿಯಲ್ಲಿ ತಂಗಿಯ ಮಗಳ ಫ್ಲ್ಯಾಟಿನ ಎದುರಿಗಿದ್ದ ಒಂದು ಪುಟ್ಟ ಬಾಡಿಗೆ ಫ್ಲ್ಯಾಟು. ಅಲ್ಲಿನ ಬಾಗಿಲಲ್ಲಿ ಊಟದ ಮೇಜು ಹಿಡಿಸುತ್ತಿರಲಿಲ್ಲ, ಲಿಫ್ಟಿನಲ್ಲಿ ಆರಾಮಕುರ್ಚಿ ಹಿಡಿಸುತ್ತಿರಲಿಲ್ಲ.

ಹಳೆ ಸಾಮಾನಿನ ದೊಡ್ಡ ವ್ಯಾಪಾರಿಯೊಬ್ಬರು ಕಾರಿನಲ್ಲಿ ಬಂದರು. ಎಲ್ಲವನ್ನೂ ಒಟ್ಟಿಗೆ ಒಯ್ಯುತ್ತೇನೆ, ಒಂದು ಗೀರೂ ಬೀಳದ ಹಾಗೆ ಹೋಟೆಲೊಂದರಲ್ಲಿ ಇಡಿಸುತ್ತೇನೆ ಅಂದರು. ಮೇಡಂ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ನಾನು ಕಪ್ಪು ತೊಳೆಯುತ್ತ ಕೇಳಿದೆ, "ಒಪ್ಪಿಕೊಳ್ಳಬಹುದಿತ್ತಲ್ವಾ ಮೇಡಂ? ಎಲ್ಲಾ ಒಂದೇ ಕಡೆ ಇರೋದು."

"ಅಲ್ಲಿ ಯಾರೂ ಕೂರೋದಕ್ಕೆ ಕೂರಲ್ಲ ಕಣೇ. ಫೋಟೋಕ್ಕೆ ಕೂರ್ತಾರೆ." ನಾನು ತೊಳೆದಿಟ್ಟ ಕಪ್ಪನ್ನು ಒರೆಸುತ್ತ ಹೇಳಿದರು. "ಗೋಡೆ ಹೋಗುತ್ತೆ, ಹೋಗ್ಲಿ. ನನ್ನದಲ್ಲ ಅದು. ಆದ್ರೆ ಈ ಮನೇಲಿ ಬದುಕಿದ ರೀತಿ ಇದೆಯಲ್ಲ, ಅದು ನನ್ನದು. ಅದನ್ನ ಜೆಸಿಬಿಗೆ ಕೊಡೋಕೆ ನನಗೆ ಮನಸ್ಸಿಲ್ಲ."

ಮರುದಿನದಿಂದ ಶುರುವಾಯಿತು, ಸಾಮಾನುಗಳಿಗೆ ಮನೆ ಹುಡುಕುವ ಅವರ ಹೆಣ್ಣು ನೋಡುವ ಶಾಸ್ತ್ರ. ಬೀದಿಯಲ್ಲಿ ಒಂದೊಂದೇ ಮನೆಗೆ ಬಂದು, ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ಬೆಳಕು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದರು. ಜೊತೆಗೆ ಮನೆಯವರು ಹೇಗೆ ಓಡಾಡುತ್ತಾರೆ, ಬಾಗಿಲು ಹೇಗೆ ಮುಚ್ಚುತ್ತಾರೆ ಎಂದು ಕೇಳಿಸಿಕೊಳ್ಳುತ್ತಿದ್ದರು. ಕೆಲವರಿಗೆ ಸಿಟ್ಟೂ ಬಂತು. ಎದುರು ಸಾಲಿನ ಶಾಂತಕ್ಕ ನನ್ನ ಹತ್ತಿರ ಬಂದು ಮೂಗು ಮುರಿದರು. "ಕನ್ನಡಿ ಕೊಡ್ತಾರೆ ಅಂತ ನಾನು ಪಡಸಾಲೆ ಎಲ್ಲಾ ಕ್ಲೀನ್ ಮಾಡಿಟ್ಟಿದ್ದೆ. ಬಂದ್ರು, ಕೂತ್ರು, 'ಶಾಂತಾ, ನಿನ್ನ ಮನೆಗೆ ಬೆಳಗಿನ ಬಿಸಿಲು ಬರಲ್ಲ' ಅಂದ್ರು, ಎದ್ದು ಹೋದ್ರು. ಬಿಸಿಲು ಬರದೇ ಇರೋದು ನನ್ನ ತಪ್ಪಾ?"

ಶಾಂತಕ್ಕನಿಗೆ ಜಾಲರಿ ಕಪಾಟು ಬಂತು. ಬೀದಿಯಲ್ಲಿ ಇನ್ನೂ ಬೆಣ್ಣೆ ಕಾಯಿಸುವುದು ಅವರೊಬ್ಬರೇ ಎಂಬುದು ಕಾರಣ. ಊಟದ ಮೇಜು ನಿವೃತ್ತ ಬಸ್ ಡ್ರೈವರ್ ರಾಜಣ್ಣನವರ ಮನೆಗೆ. ಅಲ್ಲಿ ಅಣ್ಣತಮ್ಮಂದಿರ ಸಂಸಾರಗಳು ಇನ್ನೂ ಒಟ್ಟಿಗೆ ಕೂತು ಉಣ್ಣುತ್ತವೆ. ಕನ್ನಡಿ ಮೇಜು ನಮ್ಮ ಮಹಡಿಯ ಮೇಲಿನ ಬಾಡಿಗೆ ಕೋಣೆಗೆ ಹೋದದ್ದು ಎಲ್ಲರಿಗೂ ಆಶ್ಚರ್ಯ. ಅಲ್ಲಿದ್ದವಳು ವಿಜಯಪುರದ ಕಡೆಯ ಮಹಾದೇವಿ, ಗಾರ್ಮೆಂಟ್ಸಿಗೆ ಹೋಗುವವಳು. ಅವಳ ಗಂಡ ಗೋಡೆಗೆ ಸಿಕ್ಕಿಸಿದ್ದ ಅಂಗೈಯಗಲದ ಕನ್ನಡಿಯಲ್ಲಿ ಅವಳು ಮೊದಲು ಹಣೆ, ಆಮೇಲೆ ಗಲ್ಲ, ಹೀಗೆ ಕಂತಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು. ಆ ಕೋಣೆಗೆ ಮೂಡಣದ ಬಿಸಿಲು ಕಣ್ಣು ಕುಕ್ಕುವಷ್ಟು. ಆರಾಮಕುರ್ಚಿ ನನಗೆ ಬಂತು. ಯಾಕೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು. "ನೀನು ಕೂರೋದೇ ಇಲ್ಲ. ಅದಕ್ಕೆ."

ಎಲ್ಲರಿಗೂ ಒಂದೇ ಷರತ್ತು. ನಿಂತಿದ್ದ ದಿಕ್ಕಿಗೇ ನಿಲ್ಲಿಸಬೇಕು, ದಿನವೂ ಬಳಸಬೇಕು. ಅವರು ಕೆಂಗೇರಿಗೆ ಒಯ್ದದ್ದು ಹಾಲುಗಾಜಿನ ಬುರುಡೆ ಒಂದನ್ನೇ, ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು.

ಮನೆ ಬೀಳುವ ದಿನ ಅವರು ಬರಲಿಲ್ಲ. ನಾವೂ ಕಿಟಕಿ ಹಾಕಿಕೊಂಡೆವು, ಧೂಳಿಗೆ ಅಂತ ಹೇಳಿಕೊಂಡೆವು. ಸಂಜೆ ಸದ್ದು ನಿಂತ ಮೇಲೆ ನನ್ನ ಗಂಡ ಹೋಗಿ ರಾಶಿಯಲ್ಲಿ ಕಾಲಾಡಿಸಿ, ಮುಕ್ಕಾಗದೆ ಉಳಿದಿದ್ದ ಒಂದು ಜಾಲಿ ಬಿಲ್ಲೆಯನ್ನು ಎತ್ತಿ ತಂದು ತುಳಸಿಕುಂಡದ ಪಕ್ಕ ಇಟ್ಟರು. ಅದರ ಮೇಲೆ ನಾನು ಒಗೆಯುವ ಸೋಪು ಇಡುತ್ತಿದ್ದೆ.

ಆಮೇಲಿನ ಗುರುವಾರ ಬೆಳಿಗ್ಗೆ ಗೇಟಿನ ಚಿಲಕ ಸದ್ದಾಯಿತು. ಸ್ಕಾರ್ಫು, ಎರಡು ಬಟ್ಟೆಚೀಲ, ಮೇಡಂ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ, ವಿಜಯನಗರದಲ್ಲಿ ಇಳಿದು, ಬಸ್ಸು ಹಿಡಿದು ಬಂದಿದ್ದರು. ಮೂಲೆಯ ಹಳ್ಳದ ಕಡೆ ನೋಡಲೂ ಇಲ್ಲ. ನೇರ ಮಹಡಿ ಹತ್ತಿ ಮಹಾದೇವಿಯ ಕೋಣೆಗೆ ಹೋದರು. ಅವತ್ತು ಮಹಾದೇವಿಗೆ ಮಧ್ಯಾಹ್ನದ ಪಾಳಿ.

"ಬರ್ರೀ ಅಮ್ಮಾರ, ಹೇಳಿ ಕಳಿಸೀದ್ರ ನಾ ಏನರ ಮಾಡಿಡ್ತಿದ್ನಿ."

"ಏನೂ ಬೇಡಮ್ಮ. ತಲೆ ಬಾಚ್ಕೋಬೇಕಿತ್ತು. ಬಂದೆ."

ಕನ್ನಡಿಯ ಮುಂದೆ ನಿಂತು, ಗಾಳಿಗೆ ಕೆದರಿದ್ದ ಕೂದಲನ್ನು ನಿಧಾನವಾಗಿ ಬಾಚಿ ಗಂಟು ಹಾಕಿಕೊಂಡರು. ಕೆಳಗಿಳಿದು ಬಂದು "ಅಡುಗೆಮನೆಗೆ ಹೋಗಿ ಬರ್ತೀನಿ" ಅಂದರು. ನಾನು ನಮ್ಮ ಅಡುಗೆಮನೆಯ ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಅವರು ಗೇಟು ತೆಗೆದು ರಸ್ತೆ ದಾಟಿ ಶಾಂತಕ್ಕನ ಮನೆಗೆ ಹೋದರು. ಅಲ್ಲಿ ಕಪಾಟಿನ ಬಾಗಿಲು ತೆಗೆದು ಹಾಕಿ ನೋಡಿ, ರಾಜಣ್ಣನವರ ಮನೆಯಲ್ಲಿ ಮೇಜಿಗೆ ಕೂತು ಊಟ ಮಾಡಿ, ಬಿಸಿಲು ಪಡುವಣಕ್ಕೆ ವಾಲುವ ಹೊತ್ತಿಗೆ ನಮ್ಮ ಮನೆಗೆ ಬಂದು ಆರಾಮಕುರ್ಚಿಯಲ್ಲಿ ಕಾಲು ಚಾಚಿದರು. ಆಗ ನನಗೆ ತಿಳಿಯಿತು. ಅವರು ಯಾರ ಮನೆಗೂ ಬಂದಿರಲಿಲ್ಲ. ತಮ್ಮ ಮನೆಯಲ್ಲೇ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಅವರ ಅಡುಗೆಮನೆಗೂ ಊಟದ ಮನೆಗೂ ನಡುವೆ ಈಗ ಒಂದು ರಸ್ತೆ, ಒಂದು ಕಸದ ಆಟೋ, ಬಿಸಿಲಿಗೆ ಮಲಗಿದ ಒಂದು ಹಸು, ಅಷ್ಟೆ.

ಗುರುವಾರಗಳು ಹಾಗೇ ನಡೆದವು. ಬೀದಿಯವರಿಗೆ ಒಗ್ಗಿಹೋಯಿತು. ರಾಜಣ್ಣ ಹಾರ್ನ್ ಹೊಡೆಯುವ ಸ್ಕೂಟರಿನವರನ್ನು ತಡೆದು ನಿಲ್ಲಿಸುತ್ತಿದ್ದರು. "ನಿಂತ್ಕೊಳಯ್ಯ ಗುರು, ಅವರು ಮನೆಯೊಳಗೆ ಓಡಾಡ್ತಾ ಇದಾರೆ, ನೀನು ಹಾರ್ನ್ ಹೊಡೀತೀಯಲ್ಲ!"

ಒಂದೇ ಒಂದು ಸಲ ನಮಗೆಲ್ಲ ದಿಗಿಲಾದದ್ದುಂಟು. ಶಾಂತಕ್ಕ ಪ್ರೀತಿ ಹೆಚ್ಚಾಗಿ, ಮೇಡಂ ಬಂದಾಗ ಖುಷಿಪಡಲಿ ಎಂದು, ಹಬ್ಬಕ್ಕೆ ಗೋಡೆಗೆ ಸುಣ್ಣ ಮಾಡಲು ಬಂದಿದ್ದವರಿಂದ ಕಪಾಟಿಗೂ ಫಳಫಳ ಹೊಳೆಯುವ ಗಂಧದ ಬಣ್ಣ ಹೊಡೆಸಿಬಿಟ್ಟರು. ತಂತಿಬಲೆಯನ್ನೂ ಬಿಡಲಿಲ್ಲ, ಅರ್ಧ ತೂತು ಮುಚ್ಚಿಹೋಗಿತ್ತು. ಅದು ಅದೇ ಕಪಾಟು ಎಂದು ನನಗೇ ಗುರುತು ಹತ್ತಲಿಲ್ಲ. "ಹೆಂಗಿದೆ? ಹೊಸದರ ಹಾಗೇ ಇಲ್ವಾ?" ಎಂದು ಶಾಂತಕ್ಕ ಕಣ್ಣರಳಿಸಿ ಕೇಳಿದರು.

ಗುರುವಾರ ಮೇಡಂ ಬಂದರು. ಕಪಾಟಿನ ಮುಂದೆ ಸುಮಾರು ಹೊತ್ತು ನಿಂತರು. ಶಾಂತಕ್ಕನ ನಗು ಮೆಲ್ಲಗೆ ಇಳಿಯತೊಡಗಿತು. ಮೇಡಂ ಮುಂದೆ ಹೋಗಿ ಬಾಗಿಲು ತೆಗೆದರು. ಬಣ್ಣ ಅಂಟಿಕೊಂಡಿದ್ದರಿಂದ ಚಟ್ ಎಂದು ಸದ್ದಾಯಿತು. ತಲೆಯನ್ನು ಒಳಗೆ ಹಾಕಿದರು. ಒಳಗೆ ಬಣ್ಣದವರು ಕೈಯಾಡಿಸಿರಲಿಲ್ಲ. ಹಳೆಯ ಮರ, ಅದರ ಮೇಲೆ ಬೆಣ್ಣೆಯ ಜಿಡ್ಡು, ಉಪ್ಪಿನಕಾಯಿ ಭರಣಿ ಕೂತೂ ಕೂತೂ ಬಿದ್ದ ದುಂಡು ಕಲೆ. ಅಲ್ಲಿಂದಲೇ, ಬಾವಿಯೊಳಗಿಂದ ಬಂದಂತೆ, ಅವರ ಮಾತು ಕೇಳಿಸಿತು. "ಇಲ್ಲೇ ಇದಾಳೆ. ಮೇಲೆ ಹೊಸ ಸೀರೆ ಉಟ್ಟಿದಾಳೆ ಅಷ್ಟೆ."

ತಲೆ ಹೊರಗೆ ತೆಗೆದಾಗ ಮೂಗಿನ ತುದಿಗೆ ಗಂಧದ ಬಣ್ಣ. ಶಾಂತಕ್ಕ ಅಳುತ್ತಲೂ ನಗುತ್ತಲೂ ಸೆರಗಿನಿಂದ ಅದನ್ನು ಒರೆಸಿದರು.

ಕೊನೆಕೊನೆಗೆ ಗುರುವಾರಗಳು ದೂರದೂರವಾದವು. ಮೆಟ್ರೋ ಮೆಟ್ಟಿಲು ಕಷ್ಟ ಅನ್ನುತ್ತಿದ್ದರು. ಫೋನು ಮಾಡಿದರೆ ಮಾತಿಗಿಂತ ಹೆಚ್ಚು ಹೊತ್ತು ಸುಮ್ಮನಿರುತ್ತಿದ್ದರು. "ಮಾತಾಡಿ ಮೇಡಂ" ಅಂದರೆ, "ತಡಿ, ಕುಕ್ಕರ್ ಕೂಗ್ತಾ ಇದೆಯಲ್ಲ. ಈಗ ಯಾರೋ ಕುರ್ಚೀಲಿ ಕೂತ್ರು. ನಿನ್ನ ಗಂಡನಾ? ಕೂರ್ಲಿ ಕೂರ್ಲಿ" ಅನ್ನುತ್ತಿದ್ದರು. ನಾನು ಫೋನನ್ನು ಹಾಲಿನ ಮೇಜಿನ ಮೇಲೆ ಇಟ್ಟು ನನ್ನ ಪಾಡಿಗೆ ಕೆಲಸ ಮಾಡುತ್ತಿದ್ದೆ.

ಮಣ್ಣಿಗೆ ನಾವೆಲ್ಲ ಕೆಂಗೇರಿಗೆ ಹೋಗಿದ್ದೆವು. ಕಾರ್ಯವೂ ಅಲ್ಲೇ ಆಯಿತು. ಆದರೆ ಬೀದಿಯವರಿಗೆ ಸಮಾಧಾನವಿಲ್ಲ. ನಾಲ್ಕು ಜನ ಕೂತು ಅವರನ್ನು ನೆನೆಯಬೇಕು, ಉಪ್ಪಿಟ್ಟು ಕಾಫಿ ಆಗಬೇಕು. ಎಲ್ಲಿ? ನಮ್ಮ ಮನೆಯೇ, ಶಾಂತಕ್ಕನದೇ ಎಂದು ಚರ್ಚೆ ನಡೆಯುತ್ತಿದ್ದಾಗ ಮಹಾದೇವಿ ಮೆಟ್ಟಿಲ ಮೇಲೆ ಕೂತಲ್ಲಿಂದಲೇ ಅಂದಳು. "ಅವರ ಮನ್ಯಾಗ ಮಾಡೂಣ್ರಲ್ಲ."

ಎಲ್ಲರೂ ಮೂಲೆಯ ಕಡೆ ನೋಡಿದೆವು. ಅಲ್ಲಿ ಈಗ ನಾಲ್ಕಂತಸ್ತಿನ ಅಪಾರ್ಟ್‌ಮೆಂಟು. ನೆಲಮಟ್ಟದಲ್ಲಿ ಗೋಡೆಗಳಿಲ್ಲ, ಬರೀ ಕಂಬಗಳು, ಕಾರು ನಿಲ್ಲಿಸುವ ಜಾಗ, ಹಿಂದೆ ಲಿಫ್ಟು.

ಅಪಾರ್ಟ್‌ಮೆಂಟಿನ ಸೆಕ್ರೆಟರಿ, ಕನ್ನಡಕದ ಹುಡುಗಿ, ಮೊದಲು ತಬ್ಬಿಬ್ಬಾದಳು. "ಪಾರ್ಕಿಂಗಲ್ಲಾ ಆಂಟಿ? ಹಾಲ್ ಬುಕ್ ಮಾಡಬಹುದಲ್ವಾ?" ರಾಜಣ್ಣ, "ಅಮ್ಮಾ, ನೀವು ಅದಕ್ಕೆ ಪಾರ್ಕಿಂಗ್ ಅಂತೀರ. ನಾವು ಅಲ್ಲಿ ಎಷ್ಟೋ ಸಲ ಕಾಫಿ ಕುಡಿದಿದೀವಿ" ಅಂದರು. ಅವಳು ಸಂಜೆಯವರೆಗೆ ಕಾರುಗಳನ್ನು ರಸ್ತೆಗೆ ಹಾಕಿಸಿದಳು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸಾಮಾನುಗಳು ಹೊರಟವು. ರಾಜಣ್ಣನ ತಮ್ಮಂದಿರು ಮೇಜು ಹೊತ್ತರು. ಮಹಾದೇವಿ ಕನ್ನಡಿಗೆ ಸೀರೆ ಹೊದಿಸಿ, ಗಂಡನ ಜೊತೆ ಒಂದೊಂದೇ ಮೆಟ್ಟಿಲು ಇಳಿಸಿದಳು. ಶಾಂತಕ್ಕನ ಗಂಧದ ಬಣ್ಣದ ಕಪಾಟು ಮದುವಣಗಿತ್ತಿಯಂತೆ ಹೊಳೆಯುತ್ತ ರಸ್ತೆ ದಾಟಿತು. ಆರಾಮಕುರ್ಚಿಯನ್ನು ನನ್ನ ಗಂಡ ತಲೆಯ ಮೇಲೆ ಹೊತ್ತು ನಡೆದರು. ನಾನು ಜಾಲಿ ಬಿಲ್ಲೆಯ ಮೇಲಿನ ಸೋಪಿನ ಕಲೆ ಉಜ್ಜಿ ತೊಳೆದು, ಎತ್ತಿಕೊಂಡು ಅವರ ಹಿಂದೆ ಹೋದೆ.

ಅಲ್ಲಿ ಹೋದ ಮೇಲೆ ಜಗಳ. ಎಲ್ಲಿ ಯಾವ ಕೋಣೆ? "ಅಡುಗೆಮನೆ ಆ ಪಿಲ್ಲರ್ ಆಚೆಗೆ" ಅಂದರೆ, "ಏನ್ರೀ ನೀವು, ಅದು ಬಚ್ಚಲು! ಮೇಡಂ ಬೆಣ್ಣೇನ ಬಚ್ಚಲಲ್ಲಿ ಇಡ್ತಿದ್ರಾ?" ಎಂದು ಶಾಂತಕ್ಕ. ಕೊನೆಗೆ ದಾರಿ ತೋರಿಸಿದ್ದು ಫುಟ್‌ಪಾತಿನ ಹೊಂಗೆಮರ. ಅದು ಮೊದಲೂ ವರಾಂಡಾದ ನೇರಕ್ಕೇ ಇತ್ತು. ಅಲ್ಲಿಂದ ಹಿಡಿದು ನಾವು ಒಬ್ಬೊಬ್ಬರೂ ನೆನಪಿನಲ್ಲಿ ನಡೆದೆವು. ಇಲ್ಲಿ ಹೊಸ್ತಿಲು, ಇಲ್ಲಿ ಎಡಕ್ಕೆ ತಿರುಗಬೇಕು. ಕಾಲಿಗೆ ಗೊತ್ತಿತ್ತು. ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಕುರ್ಚಿ, ಮೇಜು, ಕಪಾಟು, ಕನ್ನಡಿ ತಮ್ಮ ತಮ್ಮ ಜಾಗದಲ್ಲಿ ನಿಂತವು. ಅವರ ತಂಗಿಯ ಮಗಳು ಕೆಂಗೇರಿಯಿಂದ ಹಾಲುಗಾಜಿನ ಬುರುಡೆ ತಂದಿದ್ದಳು. ಅದನ್ನು ಪಾರ್ಕಿಂಗಿನ ಬಲ್ಬಿಗೆ ತಂತಿಯಲ್ಲಿ ಕಟ್ಟಿದರು. ನಾನು ಬಿಲ್ಲೆಯನ್ನು ಪಡುವಣದ ಮೋಟುಗೋಡೆಯ ಮೇಲೆ ನಿಲ್ಲಿಸಿದೆ.

ಉಪ್ಪಿಟ್ಟು ತಟ್ಟೆಗೆ ಬೀಳುವ ಹೊತ್ತಿಗೆ ಬಿಸಿಲು ಇಳಿದು ಬಂತು. ಸಿಮೆಂಟು ನೆಲದ ಮೇಲೆ, ಕಾರಿನ ಎಣ್ಣೆಯ ಕಲೆಯ ಪಕ್ಕದಲ್ಲಿ, ಒಂದೇ ಒಂದು ಬೆಳಕಿನ ಹೂವು ಬಿತ್ತು. ಅದು ಆರಾಮಕುರ್ಚಿಯ ಕಡೆಗೆ ತೆವಳುವುದನ್ನು ನಾವೆಲ್ಲ ತಟ್ಟೆ ಹಿಡಿದುಕೊಂಡೇ ನೋಡಿದೆವು. ಕುರ್ಚಿ ಖಾಲಿ ಇತ್ತು. ಅದರಲ್ಲಿ ಯಾರೂ ಕೂತಿರಲಿಲ್ಲ.

"ಕಾಲಿಗೆ ಬಂತು" ಅಂದಳು ಮಹಾದೇವಿ. ನಾನು ಕಾಫಿ ಬಗ್ಗಿಸಲು ಎದ್ದೆ.

ಆಗಲೇ ಊಟ ತಲುಪಿಸುವ ಒಬ್ಬಾತ, ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ದೊಡ್ಡ ಚೀಲ, ಬೈಕು ನಿಲ್ಲಿಸಿ ಲಿಫ್ಟಿನ ಕಡೆಗೆ ಬಿರಬಿರನೆ ನುಗ್ಗಿದ. ಅವನು ಹೊರಟ ದಾರಿ ವರಾಂಡಾದಿಂದ ನೇರ ಊಟದ ಮನೆಯ ನಡುವೆ.

"ಏಯ್, ಏಯ್, ಅಣ್ಣ!" ರಾಜಣ್ಣ ಕೂಗಿದರು. "ಅಲ್ಲಿ ಗೋಡೆ ಇದೆ. ಬಾಗಿಲು ಈ ಕಡೆ."

ಆತ ನಿಂತ. ಖಾಲಿ ಕಂಬಗಳ ನಡುವೆ ತಟ್ಟೆ ಹಿಡಿದು ಕೂತಿದ್ದ ನಮ್ಮನ್ನು ನೋಡಿದ, ಮೇಜು, ಕಪಾಟು, ಖಾಲಿ ಕುರ್ಚಿ ನೋಡಿದ. ಏನು ತಿಳಿದನೋ. ಹೆಲ್ಮೆಟ್ಟು ತೆಗೆದ, ಚಪ್ಪಲಿ ಬಿಟ್ಟ, ರಾಜಣ್ಣ ತೋರಿಸಿದ ಕಡೆಗೆ ಸುತ್ತಿಕೊಂಡು ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಲಿಫ್ಟು ಹತ್ತಿದ.

ಸ್ವಲ್ಪ ಹೊತ್ತಿಗೆ ಲಿಫ್ಟು ಕೆಳಗೆ ಬಂತು. ನಾವು ಕ್ಯಾನಿನಿಂದ ಕಾಫಿ ಬಗ್ಗಿಸುವುದರಲ್ಲಿ ಮಗ್ನರಾಗಿದ್ದೆವು. ಈ ಸಲ ಅವನಿಗೆ ಯಾರೂ ಏನೂ ಹೇಳಲಿಲ್ಲ. ಅವನು ಬಾಗಿಲಿನಿಂದಲೇ ಹೋದ.